ಎಂಟು ಎಪಿ ಸಾಕೇ, ಹದಿನೈದು ಬೇಕೇ? ಅಮೆರಿಕದ ಹೈಸ್ಕೂಲ್ ಲೆಕ್ಕ

ಅಮೆರಿಕದ ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯ ಫಲಿತಾಂಶ ಪ್ರತಿ ವರ್ಷ ಜುಲೈ ಮೊದಲ ದಿನಗಳಲ್ಲಿ ಬರುತ್ತದೆ. ಈಚೆಗೆ ಅದರ ಸುತ್ತಲಿನ ಸುದ್ದಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಅಮೆರಿಕ ಇತಿಹಾಸದ ಎಪಿ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಅದಕ್ಕಿಂತ ಹೆಚ್ಚು ಪಡೆದವರು 2023ರಲ್ಲಿ ಶೇ 48ರಷ್ಟಿದ್ದರು. ಮರುವರ್ಷವೇ ಅದು ಶೇ 72ಕ್ಕೆ ಜಿಗಿಯಿತು. ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿ ಬದಲು ಎಪಿ ಅಂಕಗಳನ್ನು ಕೊಟ್ಟರೂ ಆದೀತು ಎಂದು ಯೇಲ್ ವಿಶ್ವವಿದ್ಯಾಲಯ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅತ್ತ ವಾಷಿಂಗ್ಟನ್ ನಗರದ ಸುತ್ತಲಿನ ಎಂಟು ಹೆಸರಾಂತ ಖಾಸಗಿ ಶಾಲೆಗಳು 2022ರೊಳಗೆ ಎಪಿಯನ್ನೇ ಕೈಬಿಡುವುದಾಗಿ 2018ರಲ್ಲಿ ಒಟ್ಟಾಗಿ ಸಾರಿದ್ದವು. ಎಪಿ ಅಂಕಕ್ಕೆ ಕ್ರೆಡಿಟ್, ಅಂದರೆ ಕಾಲೇಜಿನ ಕೋರ್ಸ್ ಮುಗಿಸಿದ ಲೆಕ್ಕ, ಪದವಿಗೆ ಸಿಗದು ಎಂದು ಡಾರ್ಟ್‌ಮತ್ ಕಾಲೇಜು ಹೇಳಿ ದಶಕವೇ ಕಳೆಯಿತು.

ಹಾಗಾದರೆ ಎಪಿಯ ಬೆಲೆ ಏರುತ್ತಿದೆಯೋ ಇಳಿಯುತ್ತಿದೆಯೋ? ಮುಂದಿನ ವರ್ಷದ ವಿಷಯ ಆಯ್ಕೆಯ ಹಾಳೆ ಚಳಿಗಾಲದ ಕೊನೆಗೆ ಮಕ್ಕಳ ಕೈಗೆ ಬಂದಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಟೆಕ್ಸಸ್‌ನ ಫ್ರಿಸ್ಕೊ ಕಡೆಯ ಕನ್ನಡದ ಮನೆಗಳಲ್ಲೂ ಇದೇ ಚರ್ಚೆ: ಎಷ್ಟು ಎಪಿ ತೆಗೆದುಕೊಳ್ಳಬೇಕು? ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಆದರೆ ಒಂದೊಂದು ಮಗುವಿಗೂ ಒಂದು ಸಂಖ್ಯೆ ಇದೆ. ಅದನ್ನು ಊಹಿಸಬೇಕಿಲ್ಲ, ಲೆಕ್ಕ ಹಾಕಿಯೇ ತೆಗೆಯಬಹುದು.

ಒಂದೇ ಹೆಸರು, ಎರಡು ಅಂಕ

ಎಪಿ ಎಂದರೆ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಕಲಿಸುವ ಕೋರ್ಸ್. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1950ರ ದಶಕದಿಂದ ಇದನ್ನು ನಡೆಸುತ್ತಿದೆ. ಈಗ ಸುಮಾರು 40 ವಿಷಯಗಳಿವೆ. ಸರ್ಕಾರಿ ಶಾಲೆಗಳಲ್ಲಿ ಹೈಸ್ಕೂಲ್ ಮುಗಿಸುವವರ ಪೈಕಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಕನಿಷ್ಠ ಒಂದು ಎಪಿ ಪರೀಕ್ಷೆಯನ್ನಾದರೂ ಬರೆದಿರುತ್ತಾರೆ.

ಗೊಂದಲದ ಬೇರು ಇರುವುದು ಇಲ್ಲಿ. ಒಂದು ಎಪಿಯಿಂದ ಎರಡು ಬೇರೆ ಬೇರೆ ಅಂಕಗಳು ಹುಟ್ಟುತ್ತವೆ. ಒಂದು, ವರ್ಷವಿಡೀ ಪಾಠ ಮಾಡಿದ ಶಿಕ್ಷಕರು ಕೊಡುವ ಗ್ರೇಡ್: ಎ, ಬಿ, ಸಿ. ಇದು ಶಾಲೆಯ ಅಧಿಕೃತ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಚ್ಚಾಗುತ್ತದೆ, ಗ್ರೇಡ್‌ಗಳ ಸರಾಸರಿಯಾದ ಜಿಪಿಎ ಕಟ್ಟುತ್ತದೆ, ಅಳಿಸಲಾಗದು. ಇನ್ನೊಂದು, ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆಯ ಅಂಕ, 1ರಿಂದ 5. ಇದನ್ನು ಯಾವ ಕಾಲೇಜಿಗೆ ಕಳಿಸಬೇಕು, ಕಳಿಸಬಾರದು ಎಂಬುದು ಬಹುತೇಕ ವಿದ್ಯಾರ್ಥಿಯ ಇಷ್ಟ. ಪ್ರವೇಶದಲ್ಲಿ ತೂಕ ಹೆಚ್ಚು ಗ್ರೇಡಿಗೆ. ಕ್ರೆಡಿಟ್ ಸಿಗುವುದು ಪರೀಕ್ಷೆಯ ಅಂಕದಿಂದ. 12ನೇ ತರಗತಿಯಲ್ಲಿ ಬರೆದ ಪರೀಕ್ಷೆಯ ಫಲಿತಾಂಶವಂತೂ ಕಾಲೇಜು ನಿಶ್ಚಯವಾದ ಮೇಲೆಯೇ ಬರುತ್ತದೆ. ಪ್ರವೇಶಕ್ಕೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಈ ಎರಡನ್ನು ಕಲಸಿಕೊಂಡಾಗಲೇ ತಪ್ಪು ತೀರ್ಮಾನಗಳು ಬರುವುದು. ತರಗತಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆದ ಎಪಿಯಿಂದ ಜಿಪಿಎ ಒಂದು ಕೂದಲಷ್ಟೂ ಏರುವುದಿಲ್ಲ. ತರಗತಿಯಲ್ಲಿ ಸಿ ಬಂದು ಪರೀಕ್ಷೆಯಲ್ಲಿ 5 ಬಂದರೆ, ಆ ಸಿ ಹಾಗೆಯೇ ಉಳಿಯುತ್ತದೆ.

ಅಂಕ ಏರಿದ್ದು ಮಕ್ಕಳಿಂದಲ್ಲ

ಅಮೆರಿಕ ಇತಿಹಾಸದಲ್ಲಿ ಶೇ 48 ಒಂದೇ ವರ್ಷದಲ್ಲಿ ಶೇ 72 ಆದದ್ದಕ್ಕೆ ಕಾರಣ ಮಕ್ಕಳು ದಿಢೀರನೆ ಜಾಣರಾದದ್ದಲ್ಲ. 2022ರಿಂದ 2024ರವರೆಗೆ ಕಾಲೇಜ್ ಬೋರ್ಡ್ ಒಂಬತ್ತು ವಿಷಯಗಳಲ್ಲಿ ಅಂಕದ ಗೆರೆಯನ್ನೇ ಮರುನಿಗದಿ ಮಾಡಿತು. ಜೀವಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಎರಡು ಅರ್ಥಶಾಸ್ತ್ರ, ಮೂರು ಇತಿಹಾಸ, ಅಮೆರಿಕ ಸರ್ಕಾರ ಇವೇ ಆ ಒಂಬತ್ತು. ಮೊದಲು ಪ್ರಾಧ್ಯಾಪಕರ ಒಂದು ಸಣ್ಣ ತಂಡ ಕುಳಿತು ಎಷ್ಟಕ್ಕೆ 3, ಎಷ್ಟಕ್ಕೆ 4 ಎಂದು ಗೆರೆ ಎಳೆಯುತ್ತಿತ್ತು. ಈಗ ಕಾಲೇಜಿನ ಅದೇ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ಪಡೆಯುವ ಗ್ರೇಡ್‌ಗಳೂ ಸೇರಿದಂತೆ ದೊಡ್ಡ ಪ್ರಮಾಣದ ದತ್ತಾಂಶವನ್ನು ಮುಂದಿಟ್ಟುಕೊಂಡು ಗೆರೆ ಎಳೆಯಲಾಗುತ್ತದೆ. ಇಂಗ್ಲಿಷ್ ಸಾಹಿತ್ಯದಲ್ಲಿ 3 ಅಥವಾ ಹೆಚ್ಚು ಪಡೆದವರು 2021ರಲ್ಲಿ ಶೇ 44 ಇದ್ದದ್ದು 2022ರಲ್ಲಿ ಶೇ 78 ಆಯಿತು.

ಹಳೆಯ ಗೆರೆ ಅನ್ಯಾಯವಾಗಿ ಮೇಲಿತ್ತು, ಕಾಲೇಜಿನಲ್ಲಿ ಬಿ ಪಡೆಯಬಲ್ಲ ಮಗುವಿಗೂ 2 ಕೊಡುತ್ತಿತ್ತು ಎಂಬುದು ಬೋರ್ಡಿನ ವಾದ. ಕಾಲೇಜಿನಲ್ಲೇ ಗ್ರೇಡ್‌ಗಳು ಉಬ್ಬಿರುವಾಗ ಅದನ್ನು ಅಳತೆಗೋಲು ಮಾಡಿದರೆ ಉಬ್ಬರವೇ ಇಲ್ಲಿಗೂ ಹರಿಯುತ್ತದೆ ಎಂಬುದು ಟೀಕಾಕಾರರ ಮಾತು. ಎರಡರಲ್ಲೂ ಹುರುಳಿದೆ. ಕುಟುಂಬಗಳಿಗೆ ಮುಖ್ಯವಾದ ಪರಿಣಾಮ ಬೇರೆಯೇ ಇದೆ: ಈ ವಿಷಯಗಳಲ್ಲಿ 4 ಮತ್ತು 5 ಹೆಚ್ಚು ಜನರ ಕೈಗೆ ಬಂದಿರುವುದರಿಂದ, ಒಂದು 4 ಮೊದಲಿನಷ್ಟು ಎದ್ದು ಕಾಣುವುದಿಲ್ಲ. ಕ್ರೆಡಿಟ್ ಬಯಸುವವರಿಗೆ ಇದು ಲಾಭ, ತೋರಿಸಿಕೊಳ್ಳಲು ಬಯಸುವವರಿಗೆ ನಷ್ಟ.

ಪ್ರವೇಶ ಸಮಿತಿ ಎಣಿಸುವುದು ಏನನ್ನು

ಕರ್ನಾಟಕದಲ್ಲಿ ಓದಿ ಬಂದ ತಂದೆತಾಯಿಗೆ ಇಲ್ಲಿ ಎಡವುವುದು ಸಹಜ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಸೂತ್ರವಿದೆ: ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಕೂಡಿಸಿದರೆ ರ‍್ಯಾಂಕ್. ಯಾವ ಕಾಲೇಜಿನಲ್ಲಿ ಓದಿದೆ ಎಂದು ಯಾರೂ ಕೇಳುವುದಿಲ್ಲ. ಹೆಚ್ಚು ಅಂಕವಿದ್ದವನು ಮುಂದೆ. ಈ ಕಣ್ಣಿನಿಂದ ನೋಡಿದರೆ 12 ಎಪಿ ಮಾಡಿದವಳು 8 ಎಪಿ ಮಾಡಿದವಳಿಗಿಂತ ಮುಂದಿರಲೇಬೇಕು.

ಆಯ್ದು ಸೇರಿಸಿಕೊಳ್ಳುವ ಅಮೆರಿಕದ ಕಾಲೇಜುಗಳು ಅರ್ಜಿ ಓದುವ ರೀತಿ ಬೇರೆ. ಅದರ ಜೊತೆಗೆ ಶಾಲೆಯ ಪರಿಚಯ ಪತ್ರವೂ ಹೋಗುತ್ತದೆ. ಆ ಶಾಲೆಯಲ್ಲಿ ಏನೇನು ಎಪಿ ಇವೆ, ಯಾವ ತರಗತಿಯಿಂದ ತೆಗೆದುಕೊಳ್ಳಬಹುದು ಎಂಬುದು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಶಾಲೆಯ ಕೌನ್ಸೆಲರ್ ಒಂದು ಪ್ರಶ್ನೆಗೆ ಗುರುತು ಹಾಕಬೇಕು: ಇದೇ ಶಾಲೆಯ ಇತರ ವಿದ್ಯಾರ್ಥಿಗಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ಕೋರ್ಸ್‌ಗಳು ಎಷ್ಟು ಕಠಿಣ? ‘ಅತ್ಯಂತ ಕಠಿಣ’ ಎಂಬುದು ಮೇಲಿನ ಗುರುತು. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಆ ಗುರುತು ಸಿಕ್ಕ ಮೇಲೆ ಇನ್ನೆರಡು ಎಪಿ ಸೇರಿಸಿದರೆ ಆ ಪೆಟ್ಟಿಗೆಯಲ್ಲಿ ಏನೂ ಬದಲಾಗದು.

ಆದ್ದರಿಂದ ಕೌನ್ಸೆಲರ್ ಬಳಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಎಪಿ ಬೇಕು’ ಎಂಬುದಲ್ಲ. ‘ಈ ಶಾಲೆಯಲ್ಲಿ ಅತ್ಯಂತ ಕಠಿಣ ಎಂದು ನೀವು ಗುರುತು ಹಾಕುವುದು ಯಾವ ಆಧಾರದ ಮೇಲೆ’ ಎಂಬುದು. ಕೆಲವು ಶಾಲೆಗಳಲ್ಲಿ ಆರೇಳು ಎಪಿಗೆ ಆ ಗುರುತು ಸಿಗುತ್ತದೆ. ಮೂವತ್ತು ಎಪಿ ಕಲಿಸುವ ಶಾಲೆಯಲ್ಲಿ ಹತ್ತು ಬೇಕಾಗಬಹುದು. ಮೂರೇ ಎಪಿ ಇರುವ ಗ್ರಾಮೀಣ ಶಾಲೆಯಲ್ಲಿ ಮೂರಕ್ಕೇ ಸಿಗುತ್ತದೆ. ಇದೇ ತರ್ಕದಿಂದ, ಎಪಿ ಇಲ್ಲದ ಬೆಂಗಳೂರಿನ ಪಿಯು ಕಾಲೇಜಿನಿಂದ ಅರ್ಜಿ ಹಾಕುವವರಿಗೆ ಎಪಿ ಇಲ್ಲದಿರುವುದು ಕೊರತೆಯಾಗಿ ಕಾಣುವುದಿಲ್ಲ.

ಚಾಪೆಲ್ ಹಿಲ್‌ನ ನಾರ್ಥ್ ಕ್ಯಾರೊಲಿನಾ ವಿಶ್ವವಿದ್ಯಾಲಯ ತನ್ನದೇ ವಿದ್ಯಾರ್ಥಿಗಳ ಸಾಧನೆ ನೋಡಿ, ಕಾಲೇಜು ಮಟ್ಟದ ಸುಮಾರು ಐದು ಕೋರ್ಸ್‌ಗಳವರೆಗೆ ಮೊದಲ ವರ್ಷದ ಗ್ರೇಡ್ ಉತ್ತಮವಾಗುತ್ತದೆ, ಅದರಾಚೆ ಹೆಚ್ಚಿನ ಲಾಭ ಕಾಣದು ಎಂಬ ತೀರ್ಮಾನಕ್ಕೆ ಬಂದಿತ್ತು. ಐದೇ ಸಾಕು ಎಂದು ಇದರಿಂದ ಹೇಳಲಾಗದು. ಪೈಪೋಟಿ ಹೆಚ್ಚಿರುವ ಶಾಲೆಯಲ್ಲಿ ಅಕ್ಕಪಕ್ಕದವರು ಒಂಬತ್ತು ಮಾಡುತ್ತಿದ್ದರೆ ಐದು ಕಡಿಮೆಯೇ. ಆದರೆ ಕಾಲೇಜಿಗೆ ಸಿದ್ಧವಾಗಲು ಹದಿನೈದು ಬೇಕು ಎಂಬ ವಾದಕ್ಕೆ ಇದು ಸರಿಯಾದ ಉತ್ತರ.

ಕ್ಯಾಲಿಫೋರ್ನಿಯಾ: ಎಂಟು ಸೆಮಿಸ್ಟರ್‌ಗೆ ನಿಲ್ಲುವ ಮೀಟರು

ಯುಸಿ, ಅಂದರೆ ಬರ್ಕ್‌ಲಿ, ಲಾಸ್ ಏಂಜಲಿಸ್ ಮುಂತಾದವು ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಎಸ್‌ಎಟಿ ನೋಡುವುದನ್ನು ಬಿಟ್ಟಿದೆ. ಹಾಗಾಗಿ ಇಲ್ಲಿ ಜಿಪಿಎಯ ತೂಕ ಹೆಚ್ಚು, ಅದರ ನಿಯಮವೂ ಸ್ಪಷ್ಟ.

ಯುಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದು 10 ಮತ್ತು 11ನೇ ತರಗತಿಯ ಗ್ರೇಡ್‌ಗಳನ್ನು, 9ನೇ ತರಗತಿಯ ನಂತರದ ಬೇಸಿಗೆಯಿಂದ 11ರ ನಂತರದ ಬೇಸಿಗೆಯವರೆಗೆ. ಎಪಿಯಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದ ಪ್ರತಿ ಸೆಮಿಸ್ಟರ್‌ಗೆ ಒಂದು ಹೆಚ್ಚುವರಿ ಪಾಯಿಂಟ್. ಎ ಗ್ರೇಡಿಗೆ 4ರ ಬದಲು 5. ಆದರೆ ಈ ಹೆಚ್ಚುವರಿ ಒಟ್ಟು 8 ಸೆಮಿಸ್ಟರ್‌ಗಳಿಗೆ ಮಾತ್ರ, ಅದರಲ್ಲಿ 10ನೇ ತರಗತಿಯವು 4ಕ್ಕಿಂತ ಹೆಚ್ಚಿರುವಂತಿಲ್ಲ. ಅಂದರೆ ವರ್ಷವಿಡೀ ನಡೆಯುವ ನಾಲ್ಕು ಎಪಿಗೆ ಮೀಟರು ನಿಂತುಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡು ವರ್ಷಗಳಲ್ಲಿ ಯುಸಿ ಒಪ್ಪುವ 12 ಕೋರ್ಸ್, ಅಂದರೆ 24 ಸೆಮಿಸ್ಟರ್ ಗ್ರೇಡ್. ಎಲ್ಲವೂ ಎ ಆದರೆ 96 ಪಾಯಿಂಟ್. ನಾಲ್ಕು ಎಪಿಯಿಂದ 8 ಸೇರಿ 104. ಭಾಗಿಸಿದರೆ 4.33. ಇನ್ನೊಬ್ಬ ಏಳು ಎಪಿ ತೆಗೆದುಕೊಂಡ, ಹೊರೆ ತಾಳದೆ ಎರಡು ಕೋರ್ಸ್‌ಗಳಲ್ಲಿ ವರ್ಷವಿಡೀ ಬಿ ಬಂತು. 96ರಿಂದ 4 ಹೋಯಿತು, ಹೆಚ್ಚುವರಿ ಅದೇ 8. ಒಟ್ಟು 100, ಜಿಪಿಎ 4.17. ಮೂರು ಎಪಿ ಹೆಚ್ಚು ಮಾಡಿದವನು ಕೆಳಗಿಳಿದ.

ಇಷ್ಟಕ್ಕೇ ಕಥೆ ಮುಗಿಯದು. ಅರ್ಜಿ ಓದುವವರ ಮುಂದೆ ಮಿತಿ ಹಾಕದ ಜಿಪಿಎ ಕೂಡ ಇರುತ್ತದೆ, ಕೋರ್ಸ್‌ಗಳ ಪೂರ್ತಿ ಪಟ್ಟಿಯೂ ಇರುತ್ತದೆ. ಬರ್ಕ್‌ಲಿಯ ಕಂಪ್ಯೂಟರ್ ಸೈನ್ಸ್‌ನಂಥ ಕಡೆ ನಾಲ್ಕು ಎಪಿ ಮಾಡಿ ಕೈಕಟ್ಟಿ ಕೂತವರಿಗೆ ಸೀಟು ಕಷ್ಟ. ಐದನೆಯ, ಆರನೆಯ ಎಪಿಗೆ ಬೆಲೆಯಿದೆ, ಆದರೆ ಅದರಲ್ಲಿ ಎ ಬಂದರೆ.

ಎರಡು ಸಣ್ಣ ವಿವರಗಳನ್ನು ಹಲವರು ಗಮನಿಸುವುದಿಲ್ಲ. 9ನೇ ತರಗತಿಯ ಎಪಿಗೆ ಯುಸಿ ಜಿಪಿಎಯಲ್ಲಿ ಜಾಗವೇ ಇಲ್ಲ. ಮಾನವ ಭೂಗೋಳವನ್ನೋ ಕಂಪ್ಯೂಟರ್ ತತ್ವಗಳನ್ನೋ ಆಗಲೇ ಮಾಡಿದರೆ ಅಭ್ಯಾಸವಾಗಬಹುದು, ಪಾಯಿಂಟ್ ಬರದು. ಬೇರೆ ರಾಜ್ಯದಲ್ಲಿ ಓದುತ್ತಿರುವವರಿಗೆ ಶಾಲೆಯ ಸ್ವಂತ ಆನರ್ಸ್ (ಸಾಮಾನ್ಯಕ್ಕಿಂತ ಕಠಿಣ) ಕೋರ್ಸ್‌ಗಳಿಗೆ ಹೆಚ್ಚುವರಿ ಸಿಗುವುದಿಲ್ಲ, ಎಪಿ ಮತ್ತು ಐಬಿಗೆ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್ ಎಂಬ ಇನ್ನೊಂದು ಪಠ್ಯಕ್ರಮ) ಸಿಗುತ್ತದೆ.

ಟೆಕ್ಸಸ್‌ನಲ್ಲಿ ಗಾಳಿ ಬೇರೆ

ಸಂಖ್ಯೆ ನಿಜಕ್ಕೂ ಎಣಿಕೆಗೆ ಬರುವ ಜಾಗವೂ ಒಂದಿದೆ. ಟೆಕ್ಸಸ್‌ನ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನ ಮೇಲಿನ ಶೇ 10ರೊಳಗಿನ ರಾಜ್ಯದ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ವಿಶ್ವವಿದ್ಯಾಲಯ ಮಾತ್ರ ಈ ಗೆರೆಯನ್ನು ಶೇ 6ಕ್ಕೆ ಇಳಿಸಿತ್ತು, 2026ರ ಪ್ರವೇಶದಿಂದ ಶೇ 5ಕ್ಕೆ ತಂದಿದೆ. ಇಲ್ಲಿ ರ‍್ಯಾಂಕ್ ಇದೆ, ಅದನ್ನು ಶಾಲೆಯ ವೇಟೆಡ್ ಜಿಪಿಎ, ಅಂದರೆ ಕಠಿಣ ಕೋರ್ಸ್‌ಗೆ ಹೆಚ್ಚು ಪಾಯಿಂಟ್ ಕೊಡುವ ಸರಾಸರಿ, ನಿರ್ಧರಿಸುತ್ತದೆ. ನಮ್ಮವರಿಗೆ ಸಿಇಟಿ ನೆನಪಾಗುವುದು ಇಲ್ಲಿ ಸರಿಯೇ.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಆರು ಎಪಿಯಲ್ಲೂ ಎ ಇದ್ದರೆ, 5ರ ಲೆಕ್ಕದಲ್ಲಿ 30 ಪಾಯಿಂಟ್, ಸರಾಸರಿ 5.0. ಏಳನೆಯದಾಗಿ ಶಾಲೆಯ ಬ್ಯಾಂಡ್ ಸೇರಿ ಅಲ್ಲೂ ಎ ಪಡೆದರೆ 4 ಪಾಯಿಂಟ್ ಮಾತ್ರ. 34ನ್ನು 7ರಿಂದ ಭಾಗಿಸಿದರೆ 4.86. ಸಂಗೀತದಲ್ಲಿ ಪೂರ್ಣ ಅಂಕ ಪಡೆದದ್ದಕ್ಕೆ ರ‍್ಯಾಂಕ್ ಇಳಿಯುತ್ತದೆ! ಇದನ್ನು ತಪ್ಪಿಸಲು ಕೆಲವು ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತಗಳು) ರ‍್ಯಾಂಕಿಗೆ ಎಣಿಸುವ ವಿಷಯಗಳನ್ನೇ ಸೀಮಿತಗೊಳಿಸಿವೆ. ನಿಮ್ಮ ಜಿಲ್ಲೆಯ ಕೈಪಿಡಿಯಲ್ಲಿ ಮೊದಲು ಓದಬೇಕಾದ ಪುಟ ಅದೇ. ಎಪಿ ಪ್ರಿಕ್ಯಾಲ್ಕುಲಸ್ 2023ರಲ್ಲಿ ಶುರುವಾದ ಮೇಲೆ, ಮೊದಲು ಸಾಮಾನ್ಯ ಅಥವಾ ಆನರ್ಸ್ ತೂಕದಲ್ಲಿದ್ದ ಗಣಿತದ ಒಂದು ವರ್ಷವೂ ಹಲವು ಶಾಲೆಗಳಲ್ಲಿ ಎಪಿ ತೂಕಕ್ಕೆ ಏರಿತು. ರ‍್ಯಾಂಕ್ ಎಣಿಸುವವರು ಇದನ್ನು ಬಿಡುವುದಿಲ್ಲ.

ಅಂದಹಾಗೆ, ಎಪಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೈನೀಸ್, ಜಪಾನೀಸ್, ಲ್ಯಾಟಿನ್ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ವಾರಾಂತ್ಯದ ಕನ್ನಡ ಶಾಲೆಗೆ ಎಂಟು ವರ್ಷ ಹೋದ ಮಗುವಿಗೆ ಎಪಿ ಲೆಕ್ಕದಲ್ಲಿ ಸೊನ್ನೆ.

ಕ್ರೆಡಿಟ್ ಉಳಿಸುವ ದುಡ್ಡು

‘ಎಪಿ ಮಾಡಿದರೆ ಕಾಲೇಜು ಒಂದು ವರ್ಷ ಬೇಗ ಮುಗಿಯುತ್ತದೆ’ ಎಂಬುದು ಅರ್ಧ ನಿಜ. ಇಲಿನಾಯ್, ಟೆಕ್ಸಸ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಸರ್ಕಾರಿ ಕಾಲೇಜುಗಳು 3ಕ್ಕೆ ಕ್ರೆಡಿಟ್ ಕೊಡಬೇಕೆಂಬ ನಿಯಮವಿದೆ. ಟೆಕ್ಸಸ್‌ನಲ್ಲಿ ಕಾಲೇಜು ಕಾರಣ ತೋರಿಸಿ ಹೆಚ್ಚಿನ ಅಂಕ ಕೇಳಲು ಅವಕಾಶವೂ ಇದೆ. ಯುಸಿ 3ಕ್ಕೆ ಯೂನಿಟ್ (ಅಲ್ಲಿ ಕ್ರೆಡಿಟ್‌ನ ಅಳತೆ) ಕೊಡುತ್ತದೆ. ಆದರೆ ಯೂನಿಟ್ ಸಿಗುವುದು ಬೇರೆ, ಪದವಿಗೆ ಬೇಕಾದ ಕೋರ್ಸಿನಿಂದ ವಿನಾಯಿತಿ ಸಿಗುವುದು ಬೇರೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮನಃಶಾಸ್ತ್ರದ 5ರಿಂದ ಬರುವ ಯೂನಿಟ್‌ಗಳು ಖಾತೆಯಲ್ಲಿ ಕೂರುತ್ತವೆ, ಪದವಿಯನ್ನು ಒಂದು ದಿನವೂ ಹತ್ತಿರ ತರುವುದಿಲ್ಲ. ಕ್ಯಾಲ್ಕುಲಸ್ ಎಬಿ (ಮೊದಲ ಹಂತ) ಮತ್ತು ಅದನ್ನೂ ಒಳಗೊಂಡ ಬಿಸಿಯನ್ನು ಎರಡು ವರ್ಷ ಪ್ರತ್ಯೇಕವಾಗಿ ಮಾಡಿದರೆ ಎಪಿ ಎರಡು, ಯುಸಿಯ ಯೂನಿಟ್ ಮಾತ್ರ ಬಿಸಿ ಒಂದಕ್ಕೆ ಸಿಗುವಷ್ಟೇ. ಬಿಸಿ ಪರೀಕ್ಷೆಯಲ್ಲಿ ಎಬಿ ಭಾಗದ ಅಂಕ ತಾನಾಗಿ ಬರುತ್ತದೆ.

ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ, ತನ್ನದೇ ಪರೀಕ್ಷೆ ಇಡುತ್ತದೆ. ಎಂಐಟಿ ಕ್ಯಾಲ್ಕುಲಸ್ ಬಿಸಿಯ 5ನ್ನು ಒಪ್ಪುತ್ತದೆ. ವೈದ್ಯಕೀಯ ಶಿಕ್ಷಣದ ಕನಸಿರುವವರು ಇನ್ನೊಂದು ನೋಡಬೇಕು: ಎಪಿ ಜೀವಶಾಸ್ತ್ರ, ರಸಾಯನಶಾಸ್ತ್ರವನ್ನು ಪೂರ್ವಾರ್ಹತೆಯಾಗಿ ಒಪ್ಪದ ಮೆಡಿಕಲ್ ಶಾಲೆಗಳು ಬಹಳ, ಅಲ್ಲಿಗೆ ಹೋಗುವವರು ಕಾಲೇಜಿನಲ್ಲಿ ಮತ್ತೆ ಓದಲೇಬೇಕು. ಎಪಿ ಬದಲು ಸಮುದಾಯ ಕಾಲೇಜಿನ (ಸ್ಥಳೀಯ ಎರಡು ವರ್ಷದ ಕಾಲೇಜು) ಕೋರ್ಸ್ ಮಾಡುವ ದಾರಿಯೂ ಇದೆ, ಕ್ರೆಡಿಟ್ ವರ್ಗಾವಣೆ ಹಲವು ಕಡೆ ಸಲೀಸು. ಆದರೆ ಆ ಗ್ರೇಡ್ ಕಾಲೇಜಿನ ದಾಖಲೆ. ಹದಿನಾರರ ವಯಸ್ಸಿನಲ್ಲಿ ಬಂದ ಸಿ ಆರು ವರ್ಷದ ನಂತರ ಮೆಡಿಕಲ್ ಅಥವಾ ಕಾನೂನು ಶಾಲೆಯ ಅರ್ಜಿಯಲ್ಲಿ ತೋರಿಸಲೇಬೇಕಾಗುತ್ತದೆ.

ವಾರದ 168 ಗಂಟೆ

ಈಗ ಆ ಮಗುವಿನ ಸ್ವಂತ ಸಂಖ್ಯೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳುತ್ತದೆ. ಇದೇ ಕಾರಣಕ್ಕೆ 2022ರಿಂದ ಕ್ಯಾಲಿಫೋರ್ನಿಯಾದ ಬಹುತೇಕ ಹೈಸ್ಕೂಲ್‌ಗಳು ಬೆಳಿಗ್ಗೆ 8.30ಕ್ಕೆ ಮುಂಚೆ ಶುರುವಾಗುವಂತಿಲ್ಲ. ಕನಿಷ್ಠವನ್ನೇ ಹಿಡಿಯೋಣ: 8 ಗಂಟೆಯಂತೆ ವಾರಕ್ಕೆ 56. ಉಳಿದದ್ದು 112. ಶಾಲೆ 35, ಉಳಿದದ್ದು 77. ಊಟ, ಸ್ನಾನ, ಓಡಾಟ ದಿನಕ್ಕೆ 3ರಂತೆ 21, ಉಳಿದದ್ದು 56. ಆಟ, ಕ್ಲಬ್, ಸಂಗೀತ, ಸ್ವಯಂಸೇವೆ 15, ಉಳಿದದ್ದು 41. ಫೋನು, ಗೆಳೆಯರು, ಸುಮ್ಮನೆ ಕೂರುವುದು ದಿನಕ್ಕೆ 2ರಂತೆ 14. ಇದನ್ನು ಸೊನ್ನೆ ಮಾಡುತ್ತೇನೆ ಎನ್ನುವ ಹದಿಹರೆಯದವರನ್ನು ನಂಬಬೇಡಿ. ಉಳಿದದ್ದು 27 ಗಂಟೆ.

ಎಪಿಯಲ್ಲದ ಮೂರು ವಿಷಯಗಳಿಗೆ ತಲಾ 2 ಗಂಟೆ ಕಳೆದರೆ 21. ರಸಾಯನಶಾಸ್ತ್ರ, ಭೌತಶಾಸ್ತ್ರ ಸಿ (ಕ್ಯಾಲ್ಕುಲಸ್ ಬಳಸುವ ಭೌತಶಾಸ್ತ್ರದ ಕೋರ್ಸ್), ಕ್ಯಾಲ್ಕುಲಸ್ ಬಿಸಿ, ಅಮೆರಿಕ ಇತಿಹಾಸದಂಥ ಭಾರದ ಎಪಿಗೆ ವಾರಕ್ಕೆ ಸುಮಾರು 6ರಿಂದ 7 ಗಂಟೆ ಮನೆಕೆಲಸ ಎಣಿಸಿ. ಮನಃಶಾಸ್ತ್ರ, ಪರಿಸರ ವಿಜ್ಞಾನದಂಥ ಹಗುರದವಕ್ಕೆ 3ರಿಂದ 4. ಅಲ್ಲಿಗೆ ಮೂರು ಭಾರದ್ದು, ಅಥವಾ ಎರಡು ಭಾರದ್ದು ಮತ್ತು ಎರಡು ಹಗುರದ್ದು. ವರ್ಷಕ್ಕೆ ಮೂರು ಅಥವಾ ನಾಲ್ಕು. ವೇಗವಾಗಿ ಓದುವ ಮಗುವಿಗೆ ಐದು ಆದೀತು, ನಿಧಾನವಾಗಿ ಬರೆಯುವ ಮಗುವಿಗೆ ಎರಡೇ ಆದೀತು. ಎರಡು ವಾರ ಮನೆಕೆಲಸಕ್ಕೆ ಹಿಡಿದ ನಿಜವಾದ ಸಮಯ ಬರೆದಿಟ್ಟರೆ ಗೊತ್ತಾಗುತ್ತದೆ. 9ರಲ್ಲಿ ಇಲ್ಲ ಅಥವಾ ಒಂದು, 10ರಲ್ಲಿ ಒಂದೆರಡು, 11 ಮತ್ತು 12ರಲ್ಲಿ ಮೂರ್ನಾಲ್ಕು ಎಂದರೆ ಒಟ್ಟು 7ರಿಂದ 11. ಯುಸಿಯ ಎಂಟು ಸೆಮಿಸ್ಟರ್ ಇದರೊಳಗೇ ತುಂಬುತ್ತದೆ.

12ರ ಮೊದಲಾರ್ಧದಲ್ಲಿ ಕಾಲೇಜು ಅರ್ಜಿಯ ಪ್ರಬಂಧಗಳೇ ವಾರಕ್ಕೆ 4–5 ಗಂಟೆ ನುಂಗುತ್ತವೆ. ಒಂದು ಹಗುರದ ಎಪಿಯಷ್ಟು ಕೆಲಸ ಅದು. ಅದನ್ನು ಲೆಕ್ಕಕ್ಕೆ ಹಿಡಿಯದೆ ಐದು ಎಪಿ ಹಾಕಿಕೊಂಡವರ ಗ್ರೇಡ್ ಅಕ್ಟೋಬರ್–ನವೆಂಬರ್‌ನಲ್ಲಿ ಜಾರುತ್ತದೆ. ಆ ಸೆಮಿಸ್ಟರ್‌ನ ಗ್ರೇಡ್ ಹಲವು ಕಾಲೇಜುಗಳಿಗೆ ನಡುವರ್ಷದ ವರದಿಯಾಗಿ ಹೋಗುತ್ತದೆ.

ಯಾವುದರ ಜೊತೆ ಯಾವುದು

ಒಂದೇ ಸಂಖ್ಯೆಯ ಎಪಿ ಇದ್ದರೂ ಜೋಡಣೆ ತಪ್ಪಿದರೆ ಮುಗ್ಗರಿಸುತ್ತಾರೆ. 11ರಲ್ಲಿ ಅಮೆರಿಕ ಇತಿಹಾಸ ಮತ್ತು ಇಂಗ್ಲಿಷ್ ಭಾಷೆ ಎರಡನ್ನೂ ಎಪಿಯಾಗಿ ಮಾಡುವುದು ರೂಢಿ. ಎರಡೂ ಓದು ಮತ್ತು ಬರಹದ ವಿಷಯಗಳು. ಇತಿಹಾಸದಲ್ಲಿ ದಾಖಲೆಗಳನ್ನು ಆಧರಿಸಿದ ದೀರ್ಘ ಉತ್ತರ, ಇಂಗ್ಲಿಷ್‌ನಲ್ಲಿ ಮೂರು ಪ್ರಬಂಧ. ಇವುಗಳ ಜೊತೆ ಮೂರನೆಯ ಬರಹದ ಎಪಿ ಬೇಡ, ಗಣಿತ ಅಥವಾ ವಿಜ್ಞಾನದ ಒಂದು ಸರಿ.

ಭೌತಶಾಸ್ತ್ರ ಸಿ ಮತ್ತು ಕ್ಯಾಲ್ಕುಲಸ್ ಎಬಿಯನ್ನು ಒಂದೇ ವರ್ಷ ಹಾಕಿಕೊಂಡರೆ ಬೇರೆ ತೊಡಕು. ಭೌತಶಾಸ್ತ್ರದಲ್ಲಿ ಕೆಲಸ, ಶಕ್ತಿಯ ಪಾಠಕ್ಕೆ ಅನುಕಲನ ಶರತ್ಕಾಲದಲ್ಲೇ ಬೇಕಾಗುತ್ತದೆ. ಎಬಿ ತರಗತಿ ಅಲ್ಲಿಗೆ ತಲುಪುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಹಿಂದಿನ ಬೇಸಿಗೆಯಲ್ಲಿ ಅವಕಲನ, ಅನುಕಲನದ ಮೂಲ ಕ್ರಮಗಳನ್ನು ಮೂರ್ನಾಲ್ಕು ವಾರ ಅಭ್ಯಾಸ ಮಾಡಿದರೆ ಈ ತೊಡಕು ಕರಗುತ್ತದೆ. ರಸಾಯನಶಾಸ್ತ್ರದಲ್ಲಿ ಸೋಲುವವರು ಬಹುಪಾಲು ಮೋಲ್ ಲೆಕ್ಕದಲ್ಲೇ ಸೋತಿರುತ್ತಾರೆ. ಸಾಮಾನ್ಯ ರಸಾಯನಶಾಸ್ತ್ರದಲ್ಲಿ ಆ ಲೆಕ್ಕ ಬಾರದವರು ನೇರ ಎಪಿಗೆ ಹಾರುವುದು ಅಪಾಯ.

ಎಂಜಿನಿಯರಿಂಗ್ ಬಯಸುವವರ ಪಟ್ಟಿಯಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ ಇಲ್ಲದೆ ಹಗುರದ ಎಂಟು ಎಪಿ ಇದ್ದರೆ ಓದುವವರಿಗೆ ಆ ಖಾಲಿ ಜಾಗ ತಕ್ಷಣ ಕಾಣುತ್ತದೆ. ಸಂಖ್ಯೆ ಅದನ್ನು ಮುಚ್ಚುವುದಿಲ್ಲ.

ಬಿಡಬೇಕಾಗಿ ಬಂದರೆ

ಶಾಲೆ ಶುರುವಾದ ಮೊದಲ ಕೆಲವು ವಾರಗಳಲ್ಲಿ ದಾಖಲೆಯಲ್ಲಿ ಗುರುತು ಉಳಿಯದಂತೆ ಕೋರ್ಸ್ ಬಿಡಲು ಬಹುತೇಕ ಶಾಲೆಗಳಲ್ಲಿ ಅವಕಾಶವಿದೆ. ಆ ಕೊನೆಯ ದಿನಾಂಕವನ್ನು ಆಗಸ್ಟ್‌ನಲ್ಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಅದು ದಾಟಿದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಹಿಂತೆಗೆತ’ ಎಂದು ಉಳಿಯಬಹುದು. ಎಷ್ಟೋ ಶಾಲೆಗಳಲ್ಲಿ ಎಪಿಯಿಂದ ಅದೇ ವಿಷಯದ ಸಾಮಾನ್ಯ ತರಗತಿಗೆ ಇಳಿಯಲು ಇನ್ನಷ್ಟು ಕಾಲಾವಕಾಶವಿರುತ್ತದೆ, ಆದರೆ ಅಲ್ಲಿಯವರೆಗಿನ ಗ್ರೇಡ್ ಜೊತೆಗೇ ಇಳಿದು ಬರುತ್ತದೆ. ಮೊದಲ ಎರಡು ಘಟಕ ಪರೀಕ್ಷೆಗಳಲ್ಲಿ ಸಿ ಬಂದು, ಶಿಕ್ಷಕರ ಬಳಿ ಹೋಗಿ ಕೇಳಿದ ಮೇಲೂ ಮೂರನೆಯದರಲ್ಲಿ ಏರದಿದ್ದರೆ ಇಳಿಯುವುದೇ ಲೇಸು.

ಪರೀಕ್ಷೆಯ ನೋಂದಣಿ ಪ್ರತ್ಯೇಕ. ವರ್ಷವಿಡೀ ನಡೆಯುವ ಕೋರ್ಸ್‌ಗಳಿಗೆ ಶಾಲೆ ನವೆಂಬರ್ ಮಧ್ಯದೊಳಗೆ ಪರೀಕ್ಷೆಯನ್ನು ಕಾಯ್ದಿರಿಸಬೇಕು. 2025ರಲ್ಲಿ ಅಮೆರಿಕದೊಳಗೆ ಶುಲ್ಕ 99 ಡಾಲರ್. ಗಡುವು ದಾಟಿ ಸೇರಿಸಿದರೆ 40 ಡಾಲರ್ ಹೆಚ್ಚು, ಕಾಯ್ದಿರಿಸಿ ಬರೆಯದಿದ್ದರೂ 40 ಡಾಲರ್ ದಂಡ. ತರಗತಿಯಲ್ಲಿ ಎ ಇದ್ದು ಪರೀಕ್ಷೆಗೆ ತಯಾರಿಲ್ಲದವರು ಹಲವು ಶಾಲೆಗಳಲ್ಲಿ ಪರೀಕ್ಷೆ ಬರೆಯದೆಯೇ ಇರಬಹುದು, ಆದರೆ ಜಿಪಿಎಯ ಹೆಚ್ಚುವರಿ ಪಾಯಿಂಟ್‌ಗೆ ಕೆಲವು ಜಿಲ್ಲೆಗಳು ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಎಸ್‌ಎಟಿ ಬದಲು ಎಪಿ ಅಂಕ ತೋರಿಸುವ ಯೋಚನೆಯಿದ್ದವರು ಯೇಲ್‌ನ ಷರತ್ತನ್ನೂ ಓದಿಕೊಳ್ಳಬೇಕು: 2024ರ ಪ್ರಕಟಣೆಯಂತೆ ಆ ದಾರಿ ಹಿಡಿದವರು ಅಲ್ಲಿಯವರೆಗೆ ಬರೆದ ಎಲ್ಲ ಎಪಿ ಪರೀಕ್ಷೆಗಳ ಅಂಕ ಕೊಡಬೇಕು, 5 ಬಂದದ್ದನ್ನು ಮಾತ್ರ ಆರಿಸಿ ಕೊಡುವಂತಿಲ್ಲ.